ಮೂರು ತಿಂಗಳ ಕುರ್ಚಿ

ಊಟ ಆಯಿತೇ ಎಂದು ಕೊಟ್ರೇಶನನ್ನು ಕೇಳುವವರು ಇಡೀ ಜಿಲ್ಲೆಯಲ್ಲಿ ಒಬ್ಬರೇ ಇದ್ದರು, ಅವರು ಮಾನ್ವಿಯಲ್ಲಿದ್ದರು. ಅವನು ಮಾತ್ರ ನವೆಂಬರ್ ಒಂದಕ್ಕೆ ದೇವದುರ್ಗಕ್ಕೆ ಹೋಗಬೇಕಿತ್ತು. ಅದು ದೇವಿಕಾಳ ಕಾನೂನು.

ದೇವಿಕಾ ಸಾಹುಕಾರ ವಿರೂಪಣ್ಣನ ಮಗಳು. ವಿರೂಪಣ್ಣನಿಗೆ ರಾಯಚೂರಿನಲ್ಲಿ ರೈಸ್ ಮಿಲ್ಲು, ಮಾನ್ವಿಯಲ್ಲಿ ಭತ್ತದ ಗೋದಾಮು, ದೇವದುರ್ಗದಲ್ಲಿ ಹತ್ತಿಯ ಗೋದಾಮು. ಮಾಲನ್ನು ಪರೀಕ್ಷಿಸಿ ಒಳಗೆ ಬಿಡಲು ಮೂರೂ ಕಡೆ ಒಬ್ಬೊಬ್ಬರು. ಮಾನ್ವಿಯ ಕುರ್ಚಿ ಹನ್ನೊಂದು ವರ್ಷ ಕೊಟ್ರೇಶನದೇ ಆಗಿತ್ತು. ಹೋದ ವರ್ಷ ಓದು ಮುಗಿಸಿ ಬಂದ ದೇವಿಕಾ ಮೂವರನ್ನೂ ಕೂರಿಸಿ ಹೇಳಿದಳು.

“ಇನ್ಮ್ಯಾಲ ಮೂರು ತಿಂಗಳಿಗೊಮ್ಮೆ ಜಾಗ ಬದ್ಲಿ. ಎಲ್ಲಾರಿಗೂ ಎಲ್ಲಾ ಕೆಲ್ಸ ಬರ್ತದ. ಒಬ್ರು ರಜಾ ಹಾಕಿದ್ರ ಇನ್ನೊಬ್ರು ನಿಂದರ್ತಾರ. ಕುಂತಲ್ಲೇ ಕುಂತ್ರ ಮನುಷ್ಯಾಗ ಜಡ್ಡು ಹಿಡೀತದ, ಹೌದಿಲ್ರೀ ಕೊಟ್ರೇಶಣ್ಣ?”

“ಹೌದ್ರೀ ಮೇಡಂ” ಎಂದ. ಅವಳ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಅವನಿಗೆ ಸಿಟ್ಟು ಬಂದದ್ದೇ ಅದಕ್ಕೆ.

ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಪಕ್ಕದ ಮನೆಯವರಿಗೆ ಇವನ ಹೆಸರು ಗೊತ್ತಾಗುವಷ್ಟರಲ್ಲಿ ಗಂಟುಮೂಟೆ ಕಟ್ಟುವ ದಿನ ಬಂದಿರುತ್ತಿತ್ತು. ದೇವದುರ್ಗದ ಚಹಾದಂಗಡಿಯವನು ಇವನಿಗೆ ಸಕ್ಕರೆ ಕಮ್ಮಿ ಎಂಬುದನ್ನು ಕಲಿಯುತ್ತಿದ್ದುದು ಮೂರನೇ ತಿಂಗಳ ಕೊನೆಯ ವಾರ. ಭಾನುವಾರಗಳಂದು ಯಾರ ಜೊತೆಗೂ ಒಂದು ಮಾತಾಡದೆ ಸಂಜೆಯಾಗುತ್ತಿತ್ತು. ಇದೊಂದು ಬಾಳುವೆಯೇ?

ಮಾನ್ವಿಯಲ್ಲಿ ಹಾಗಿಲ್ಲ. ಅಲ್ಲಿ ಬಸವಂತಮ್ಮನ ಖಾನಾವಳಿ ಇತ್ತು. ಅವಳೂ ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು, ಮಾತು ಜೋರು. “ನಿನ್ನಿ ಯಾಕ ಬರ್ಲಿಲ್ರೀ? ನಿಮ್ಮ ಪಾಲಿನ ರೊಟ್ಟಿ ತೆಗದಿಟ್ಟು ಬಾಗ್ಲ ಹಾಕೂ ತನಕ ಕಾದೆ” ಎಂದು ಹತ್ತು ಜನರ ಮುಂದೆ ದಬಾಯಿಸುತ್ತಿದ್ದಳು. ಆ ಬೈಗುಳ ಕೇಳಲೆಂದೇ ಅವನು ಒಮ್ಮೊಮ್ಮೆ ಊಟ ತಪ್ಪಿಸುತ್ತಿದ್ದ. ಅವಳನ್ನು ಒಂದು ಮಾತು ಕೇಳಬೇಕಿತ್ತು. ನಲವತ್ತೆಂಟರ ಗಂಡಸಿಗೆ ಅದನ್ನು ಕೇಳಲು ಧೈರ್ಯ ಕೂಡಿಬರಬೇಕು. ಅದು ಕೂಡಿಬರುವ ಹೊತ್ತಿಗೆ ಮೂರು ತಿಂಗಳು ಮುಗಿದಿರುತ್ತಿತ್ತು.

ಹಾಗಾಗಿ ಜಾಗ ಬದಲಿಸುವ ಈ ಪದ್ಧತಿಯನ್ನೇ ಮುಗಿಸಬೇಕೆಂದು ಅವನು ತೀರ್ಮಾನಿಸಿದ. ಬೇಡಿಕೊಂಡು ಉಪಯೋಗವಿಲ್ಲ. ದೇವಿಕಾ ಲೆಕ್ಕದವಳು, ಕಣ್ಣೀರಿಗೆ ಕರಗುವವಳಲ್ಲ. ಈ ಪದ್ಧತಿ ನಷ್ಟ ತರುತ್ತದೆ ಎಂದು ಅವಳಿಗೆ ಕಣ್ಣಾರೆ ಕಾಣಿಸಬೇಕು.

ಅದಕ್ಕೆ ಬೇಕಾದದ್ದು ಅರ್ಧ ಸುತ್ತು ಮಾತ್ರ. ಭತ್ತದ ತೇವ ಅಳೆಯುವ ಯಂತ್ರದ ಹಿಂಬದಿಯಲ್ಲಿ, ಮುಚ್ಚಳದ ಕೆಳಗೆ, ಒಂದು ಸಣ್ಣ ತಿರುಪು ಇದೆ. ಅದು ಅಲ್ಲಿದೆ ಎಂದು ಗೊತ್ತಿದ್ದವನು ಕೊಟ್ರೇಶ ಒಬ್ಬನೇ. ಅರ್ಧ ಸುತ್ತು ಎಡಕ್ಕೆ ತಿರುಗಿಸಿದರೆ ಶೇಕಡಾ ಹತ್ತೊಂಬತ್ತು ಇರುವ ತೇವವನ್ನು ಅದು ಹದಿನಾರು ಎಂದು ತೋರಿಸುತ್ತದೆ. ಕಣದಲ್ಲಿ ಒಣಗಬೇಕಾದ ಹಸಿ ಭತ್ತ ಸೀದಾ ಚೀಲಕ್ಕೆ ಹೋಗುತ್ತದೆ. ಒಟ್ಟಿದ ಚೀಲಗಳೊಳಗೆ ತಿಂಗಳೊಪ್ಪತ್ತಿನಲ್ಲಿ ಕಾವು ಏಳುತ್ತದೆ.

ಅವನ ಜಾಗಕ್ಕೆ ಬರುವವನು ಪ್ರಭುರಾಜ. ಹಳಬನೊಬ್ಬ ಬಿಟ್ಟುಹೋದ ಮೇಲೆ ಈ ವರ್ಷ ಸೇರಿದವನು. ಹತ್ತಿ ನೋಡಿದ್ದಾನೆ, ಮಿಲ್ಲಿನ ಅಕ್ಕಿ ನೋಡಿದ್ದಾನೆ, ಗದ್ದೆಯಿಂದ ಬಂದ ಹಸಿ ಭತ್ತವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದವನಲ್ಲ. ಹಳಬನಾದರೆ ಒಂದು ಕಾಳು ಕಚ್ಚಿದ ಕೂಡಲೇ ಯಂತ್ರ ಸುಳ್ಳು ಹೇಳುತ್ತಿದೆ ಎನ್ನುತ್ತಿದ್ದ. ಪ್ರಭುರಾಜ ಯಂತ್ರವನ್ನೇ ನಂಬುತ್ತಾನೆ. ಅವನು ಒಳ್ಳೆಯವನು, ಎರಡು ಮಕ್ಕಳ ತಂದೆ. ಅವನ ಕೆಲಸ ಹೋಗದಂತೆ ನೋಡಿಕೊಳ್ಳುವುದನ್ನೂ ಕೊಟ್ರೇಶ ತನ್ನ ಯೋಜನೆಯಲ್ಲಿ ಸೇರಿಸಿಕೊಂಡ. ಅಷ್ಟರಮಟ್ಟಿಗೆ ತಾನು ಕೆಟ್ಟವನಲ್ಲ ಎಂದು ಸಮಾಧಾನವೂ ಆಯಿತು.

ಅಕ್ಟೋಬರ್ ಮೂವತ್ತೊಂದರ ಮಧ್ಯಾಹ್ನ ಹಮಾಲರು ಊಟಕ್ಕೆ ಹೋದಾಗ ತಿರುಪು ತಿರುಗಿತು. ಸಂಜೆ ಪ್ರಭುರಾಜನಿಗೆ ಬೀಗದ ಕೈ ಕೊಟ್ಟು ಅವನು ದೇವದುರ್ಗದ ಬಸ್ಸು ಹತ್ತಿದ. ಅಲ್ಲಿ ಯಾರೂ ಬೆರಳು ತೋರಿಸದಂತೆ ದುಡಿದ. ಹಸಿ ಹತ್ತಿ ತುಂಬಿದ ಒಂದು ಅಂಡಿಗೆ ಚೀಲವೂ ಅವನ ಕಣ್ಣು ತಪ್ಪಿಸಿ ಒಳಗೆ ಹೋಗಲಿಲ್ಲ. ಕೋಣೆಗೆ ಬಂದು ಗೋಡೆ ನೋಡುತ್ತಾ ಉಣ್ಣುವಾಗ ದಿನ ಎಣಿಸುತ್ತಿದ್ದ.

ಡಿಸೆಂಬರ್ ಎರಡನೇ ವಾರ ಸಾಹುಕಾರ ಜೀಪು ಕಳಿಸಿದ. ಮಾನ್ವಿಯ ಗೋದಾಮಿನ ಬಾಗಿಲಲ್ಲೇ ಮುಗ್ಗಿದ ವಾಸನೆ ಹೊಡೆಯುತ್ತಿತ್ತು. ಚೀಲದೊಳಗೆ ಕೈ ಹಾಕಿದರೆ ಬಿಸಿ. ಕಾಳು ಹಳದಿ ತಿರುಗಿತ್ತು. ಸಾಹುಕಾರ, ದೇವಿಕಾ ಇಬ್ಬರೂ ಆಗಲೇ ಬಂದಿದ್ದರು. ಪ್ರಭುರಾಜ ಮೂಲೆಯಲ್ಲಿ ನಿಂತು ಅಳುತ್ತಿದ್ದ.

“ಮಷೀನ್ ತೋರ್ಸಿದ್ದಷ್ಟ ಬರದೀನ್ರೀ ಅಣ್ಣಾರ, ನನ್ ಮಕ್ಳಾಣಿ.”

“ಮಷೀನ್ ನೋಡಪಾ ಕೊಟ್ರೇಶ” ಎಂದ ವಿರೂಪಣ್ಣ.

ಈ ಮಾತಿಗಾಗಿಯೇ ಕೊಟ್ರೇಶ ಕಾದಿದ್ದ. ಯಂತ್ರವನ್ನು ಕಿಟಕಿಯ ಬೆಳಕಿಗೆ ಒಯ್ದು, ಎಲ್ಲರಿಗೆ ಬೆನ್ನು ಮಾಡಿ, ಮುಚ್ಚಳ ತೆಗೆದು ಧೂಳು ಊದಿದ. ತಿರುಪು ಅರ್ಧ ಸುತ್ತು ಬಲಕ್ಕೆ ಬಂತು. “ಮಷೀನ್ ಬರೋಬರಿ ಅದರೀ ಸಾವ್ಕಾರ್ರ” ಎಂದ. ಪ್ರಭುರಾಜನ ಮುಖ ನೋಡಲಾಗಲಿಲ್ಲ.

ಆಮೇಲೆ ಎಷ್ಟೋ ದಿನದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತುಗಳನ್ನು ದೇವಿಕಾಳ ಕಡೆ ತಿರುಗಿ ಹೇಳಿದ. “ಅವನ್ನ ಬೈಬ್ಯಾಡ್ರಿ ಮೇಡಂ. ತಪ್ಪು ಅವಂದಲ್ಲ. ಮೂರು ತಿಂಗಳಿಗೊಮ್ಮೆ ಕಿತ್ತು ಹಚ್ಚಿದ್ರ ಯಾರ್ ಕಲೀತಾರ? ಒಂದೇ ಕಡಿ ಬಿಡ್ರಿ, ಎಂಥಾ ಹೊಸಬನಿದ್ರೂ ವರ್ಷದಾಗ ಪಳಗ್ತಾನ. ಕೆಲ್ಸ ಕೈಗೆ ಹತ್ತಬೇಕಂದ್ರ ಮನುಷ್ಯಾ ಒಂದು ಜಾಗದಾಗ ಇರಬೇಕ್ರೀ.” ಕೊನೆಯ ಮಾತು ಮಾತ್ರ ನಾಟಕವಾಗಿರಲಿಲ್ಲ. ದೇವಿಕಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಅವತ್ತು ಬಸವಂತಮ್ಮನಲ್ಲೇ ಊಟ. “ನಾ ಕಾಯಂ ಬಂದ ದಿನ ನಿಮಗೊಂದು ಮಾತು ಕೇಳೂದದ” ಎಂದ. ಅವಳು ಪುಂಡಿ ಪಲ್ಯ ಬಡಿಸುತ್ತಾ ನಕ್ಕಳು. “ಕಾಯಂ ಬಂದ್ರ ಕೇಳ್ರಿ, ಯಾರ್ ಬ್ಯಾಡಂದಾರ? ನಾ ಅಂತೂ ಈ ಒಲಿ ಬಿಟ್ಟು ಎಲ್ಲಿಗೂ ಬರಂಗಿಲ್ಲ. ಮೂರ್ ತಿಂಗಳಿಗೊಮ್ಮೆ ಓಡಿ ಹೋಗೋರ ಮಾತು ನಾ ಕೇಳಂಗಿಲ್ಲ ನೋಡ್ರಿ.” ದೇವದುರ್ಗದ ದಾರಿಯುದ್ದಕ್ಕೂ ಕೊಟ್ರೇಶ ಒಬ್ಬನೇ ನಗುತ್ತಿದ್ದ.

ಸೋಮವಾರ ರಾಯಚೂರಿನ ಆಫೀಸಿಗೆ ಮೂವರಿಗೂ ಕರೆ ಬಂತು. ದೇವಿಕಾ ತನ್ನದೇ ತಪ್ಪು ಎಂದು ಒಪ್ಪಿಕೊಂಡಳು. ಜಾಗ ಬದಲಿಸುವ ಪದ್ಧತಿ ಇವತ್ತಿಗೆ ಬಂದ್. ಕೊಟ್ರೇಶ ಸಂಜೆಯ ಮಾನ್ವಿ ಬಸ್ಸು ಎಷ್ಟಕ್ಕೆಂದು ಆಗಲೇ ನೆನಪಿಸಿಕೊಳ್ಳುತ್ತಿದ್ದ. “ಕೊಟ್ರೇಶಣ್ಣ ಖರೇನ ಹೇಳಿದ್ರು” ಎಂದಳು ದೇವಿಕಾ. “ಪ್ರಭುರಾಜನ ಕೆಲ್ಸ ತೆಗಿಯೂದಿಲ್ಲ. ಮಾನ್ವಿಯಾಗೇ ಇರ್ಲಿ, ವರ್ಷದಾಗ ಪಳಗ್ತಾನ. ದೇವದುರ್ಗದಾಗ ಈ ಸಲ ಒಂದು ಅಂಡಿಗಿನೂ ಕೆಟ್ಟಿಲ್ಲ, ಕೊಟ್ರೇಶಣ್ಣನ ಕೈಗೆ ಅದು ಹತ್ತೇದ. ಯಾರು ಎಲ್ಲಿದ್ದೀರಿ, ಅಲ್ಲೇ ಕಾಯಂ.” “ಮೇಡಂ, ಮಾನ್ವಿಗೆ ನಾ…” ಎಂದು ಅವನು ಬಾಯಿ ತೆರೆದ. “ಮತ್ತ ಕಿತ್ತು ಹಚ್ಚೂದು ಬ್ಯಾಡಂತ ನೀವೇ ಅಂದ್ರಲ್ರೀ?” ಎಂದು ಅವಳು ನಕ್ಕಳು. ಪ್ರಭುರಾಜ ಓಡಿಬಂದು ಅವನ ಕಾಲು ಮುಟ್ಟಿದ. ಭತ್ತದ ತೇವ, ಚೀಲದ ಕಾವು, ಸಾಹುಕಾರನ ಸಿಟ್ಟು, ಮಗಳ ಬುದ್ಧಿ, ಎಲ್ಲವನ್ನೂ ಅಳೆದು ತೂಗಿದ್ದ ಕೊಟ್ರೇಶ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ: ಕುರ್ಚಿಗಳು ಸುತ್ತುವುದು ನಿಂತ ಆ ದಿನ ಅವನು ಕೂತಿದ್ದು ದೇವದುರ್ಗದ ಕುರ್ಚಿಯಲ್ಲಿ.