ಚುಚ್ಚಿದ್ದನ್ನು ಮರೆಯದ ಬಟ್ಟೆ

“ಇದರ ಮೇಲೆ ಸ್ವಲ್ಪ ನೀರು ಹೊಯ್ಯಲಾ?” ಅಂತ ಕೇಳಿದಳು ಮಿಡತೆ.

ಬಟ್ಟೆ ಅಂಗಡಿಯವರು ಕನ್ನಡಕ ಮೇಲೆ ಸರಿಸಿ ಅವಳನ್ನೇ ನೋಡಿದರು. ಅವರು ಮೂವತ್ತು ವರ್ಷದಿಂದ ಬಟ್ಟೆ ಮಾರುತ್ತಿದ್ದವರು. ಬಟ್ಟೆಯನ್ನು ಮುಟ್ಟಿ ನೋಡಿದವರಿದ್ದರು, ಎಳೆದು ನೋಡಿದವರಿದ್ದರು, ಮೂಸಿ ನೋಡಿದವರೂ ಒಬ್ಬಿಬ್ಬರು ಇದ್ದರು. ನೀರು ಹೊಯ್ದು ನೋಡುತ್ತೇನೆ ಅಂದವರು ಯಾರೂ ಇರಲಿಲ್ಲ.

“ನನ್ನ ವಾಟರ್ ಬಾಟಲ್ ನೀರು ಅಂಕಲ್. ಕ್ಲೀನಾಗೇ ಇದೆ.”

ಈ ಹುಡುಗಿಗೆ ಬೇರೆ ಹೆಸರೂ ಇತ್ತು. ಆದರೆ ಅದು ಟೀಚರ್ ಹಾಜರಿ ಕೂಗುವಾಗ ಮಾತ್ರ ಹೊರಗೆ ಬರುತ್ತಿತ್ತು. ನಡೆಯುವ ಕಡೆ ಓಡುವವಳು, ಓಡುವ ಕಡೆ ಹಾರುವವಳು. ಹಾಗಾಗಿ ಮನೆಯವರಿಗೆಲ್ಲ, ಬೀದಿಯವರಿಗೆಲ್ಲ ಅವಳು ಮಿಡತೆಯೇ.

ಅಮ್ಮ ನಗು ತಡೆದುಕೊಂಡು ವಿಷಯ ಹೇಳಿದಳು. ಅಪ್ಪ ಬಡಗಿ. ಹಳೇ ಟ್ರೈಲರ್ ಒಂದನ್ನು ತಂದು, ಆರು ತಿಂಗಳು ಗರಗಸ ಸುತ್ತಿಗೆ ಹಿಡಿದು, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಪುಟ್ಟ ಮನೆ ಮಾಡಿದ್ದ. ಒಳಗೆ ಮಂಚ, ಕಪಾಟು, ಒಂದು ಕಿಟಕಿ. ಬರುವ ಶನಿವಾರ ಕೆರೆ ದಂಡೆಯಲ್ಲಿ ಮೊದಲ ಕ್ಯಾಂಪಿಂಗ್. ಎಲ್ಲರೂ ರೆಡಿ, ಅಜ್ಜ ಒಬ್ಬನನ್ನು ಬಿಟ್ಟು.

ಅಜ್ಜ ಮೂವತ್ತೈದು ವರ್ಷ ಬಸ್ ಓಡಿಸಿದವನು. “ಜೀವಮಾನವೆಲ್ಲ ತಗಡಿನ ಡಬ್ಬಿಯೊಳಗೆ ಕೂತಿದ್ದೀನಿ. ಇನ್ನೊಂದು ಡಬ್ಬಿಯೊಳಗೆ ಕೂರೋಕೆ ಅಷ್ಟು ದೂರ ಬರಬೇಕಾ? ಹೊರಗೆ ಕೂರೋಣ ಅಂದ್ರೆ ಬಿಸಿಲು. ಮಳೆ ಬಂದ್ರೆ ನನಗೆ ಕೆಮ್ಮು. ನೀವು ಹೋಗಿ ಬನ್ನಿ,” ಅಂದುಬಿಟ್ಟಿದ್ದ.

ಅಜ್ಜನಿಲ್ಲದ ಕ್ಯಾಂಪಿಂಗ್ ಎಂಥ ಕ್ಯಾಂಪಿಂಗ್? ಮಿಡತೆಗೆ ಅಳುವೇ ಬಂದಿತ್ತು. ಆಗ, “ಟ್ರೈಲರಿಗೆ ಚಪ್ಪರ ಹಾಕಿದ್ರೆ?” ಅಂತ ಕೇಳಿದವಳು ಅವಳೇ. ಬಟ್ಟೆಯ ಒಂದು ಅಂಚು ಟ್ರೈಲರಿಗೆ, ಇನ್ನೊಂದು ಅಂಚು ಎರಡು ಕೋಲಿಗೆ, ಕೆಳಗೆ ಅಜ್ಜನ ಕುರ್ಚಿ. ಅಜ್ಜ ಗಡ್ಡ ಕೆರೆದುಕೊಂಡು ಯೋಚಿಸಿದ. “ಒಂದು ಹನಿ ಸೋರಬಾರದು. ಹಾಗಿದ್ರೆ ಬರ್ತೀನಿ,” ಅಂದ.

ಕತೆ ಕೇಳಿದ್ದೇ ಅಂಗಡಿಯವರಿಗೂ ಹುರುಪು ಬಂತು. “ಹಾಗಾದ್ರೆ ಹೊಯ್ಯಿ, ಹೊಯ್ಯಿ!” ಅಂತ ಬಟ್ಟೆಯ ಕೆಳಗೆ ಅಂಗೈ ಹಿಡಿದರು.

ಮಿಡತೆ ಮೆಚ್ಚಿದ್ದು ಕಡುನೀಲಿ ಬಟ್ಟೆ. ಮೈತುಂಬ ಬೆಳ್ಳಿ ನಕ್ಷತ್ರ. ಒಂದು ಮುಚ್ಚಳ ನೀರು ಹೊಯ್ದಳು. ನೀರು ಒಂದು ಕ್ಷಣವೂ ನಿಲ್ಲದೆ ಕೆಳಗಿಳಿದು ಅಂಗಡಿಯವರ ಅಂಗೈ ತುಂಬಿತು.

“ಫೇಲ್!” ಅಂತ ಕೂಗಿದ ತಮ್ಮ. ತಮ್ಮ ಒಂದನೇ ಕ್ಲಾಸು. ಈ ಮಾತನ್ನು ಹೊಸದಾಗಿ ಕಲಿತಿದ್ದ.

ಅಂಗಡಿಯವರು ಒಳಗಿನಿಂದ ದಪ್ಪ ಬಟ್ಟೆಯ ಸುರುಳಿಗಳನ್ನು ಹೊತ್ತು ತಂದರು. ಅವುಗಳ ಮೇಲೆ ಬಿದ್ದ ನೀರು ಮಣಿಮಣಿಯಾಗಿ ಉರುಳಾಡಿತೇ ಹೊರತು ಒಳಗೆ ಇಳಿಯಲಿಲ್ಲ. ಹಸಿರು ಪಾಸ್, ನೀಲಿ ಪಾಸ್, ಬಿಳಿ ಪಟ್ಟೆಯ ಹಳದಿಯೂ ಪಾಸ್.

“ಇನ್ನು ಬಣ್ಣ. ಚಪ್ಪರವನ್ನ ನಾವು ನೋಡೋದು ಕೆಳಗಿಂದ. ಕೆಳಗೆ ಕೂತೇ ಆರಿಸು,” ಅಂದಳು ಅಮ್ಮ.

ಅಂಗಡಿಯ ಬಾಗಿಲಿಗೆ ಬಿಸಿಲು ಬೀಳುತ್ತಿತ್ತು. ಅಲ್ಲಿ ಬಟ್ಟೆ ಎತ್ತಿ ಹಿಡಿದು ಒಬ್ಬೊಬ್ಬರೇ ಕೆಳಗೆ ನುಸುಳಿದರು. ಹಸಿರು ಬಟ್ಟೆಯ ಕೆಳಗೆ ತಮ್ಮನ ಮುಖ ಥೇಟ್ ಹಾಗಲಕಾಯಿ. ನೀಲಿಯ ಕೆಳಗೆ ಅಮ್ಮ ಮೂರು ದಿನ ಜ್ವರ ಬಂದು ಮಲಗಿದವಳಂತೆ ಕಂಡಳು. ಹಳದಿಯ ಕೆಳಗೆ ಮಾತ್ರ ಎಲ್ಲರ ಮುಖವೂ ಈಗಷ್ಟೇ ಏನೋ ಸಿಹಿಸುದ್ದಿ ಕೇಳಿದ ಹಾಗಿತ್ತು. ಅಂಗಡಿಯವರೂ ಒಂದು ಸಲ ಬಗ್ಗಿ ಒಳಗೆ ಬಂದು, “ನಾನು ಹೇಗೆ ಕಾಣ್ತೀನಿ?” ಅಂತ ಕೇಳಿದರು.

ಹಳದಿಯೇ ಗೆದ್ದಿತು.

ಮಂಗಳವಾರ ಸಂಜೆ ಮುಂದಿನ ಕೋಣೆಯಲ್ಲಿ ಹೊಲಿಗೆ ಶುರುವಾಯಿತು. ಅಮ್ಮ ಬ್ಯಾಗು, ಕವರು, ಬಟ್ಟೆಬರೆ ಎಲ್ಲ ಹೊಲಿಯುವವಳು. ಅವಳ ಕೈಕೆಳಗೆ ಮಿಡತೆಯದು ಗುಂಡುಸೂಜಿ ಇಲಾಖೆ. ಎರಡು ಬಟ್ಟೆಗಳನ್ನು ಅಂಚಿಗೆ ಅಂಚು ಸೇರಿಸಿ, ಜಾರದಂತೆ ಸೂಜಿ ಚುಚ್ಚಿಕೊಡುವುದು ಅವಳ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರಿಲ್ಲ ಅಂತ ಅಮ್ಮನೇ ಎಲ್ಲರ ಮುಂದೆ ಹೊಗಳುತ್ತಿದ್ದಳು.

ಚಪ್ಪರಕ್ಕೆ ಹತ್ತಡಿ ಉದ್ದದ ಎರಡು ತುಂಡು ಬೇಕಿತ್ತು. ಎರಡನ್ನೂ ಮಧ್ಯದಲ್ಲಿ ಜೋಡಿಸಬೇಕು. ಅಮ್ಮ ಅಳತೆ ಹಿಡಿದು ಕತ್ತರಿಸಿ, ಒಂದು ಚೂರಿನ ಮೇಲೆ ಮೆಷಿನ್ ಓಡಿಸಿ ನೋಡಿದಳು. ಟಕ್! ಸೂಜಿ ಮುರಿಯಿತು.

“ಈ ದಪ್ಪಕ್ಕೆ ಹದಿನೆಂಟನೇ ನಂಬರ್ ಸೂಜಿನೇ ಬೇಕು. ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ಬಂದೆ,” ಅಂತ ಅಮ್ಮ ಚಪ್ಪಲಿ ಮೆಟ್ಟಿದಳು.

ಹತ್ತು ನಿಮಿಷ ಸುಮ್ಮನೆ ಕೂರುವುದಕ್ಕೆ ಮಿಡತೆಯೇನು ಕಲ್ಲುಗುಂಡೇ? ಅಮ್ಮ ಬರುವಷ್ಟರಲ್ಲಿ ಕೆಲಸ ಮುಗಿಸಿಟ್ಟರೆ ಅಮ್ಮನಿಗೆಷ್ಟು ಖುಷಿ! ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಚುಚ್ಚತೊಡಗಿದಳು. ದಪ್ಪ ಬಟ್ಟೆ ಜಾರೀತು ಅಂತ ಅಂಚಿನಿಂದ ನಾಲ್ಕು ಬೆರಳು ಒಳಗೇ ಚುಚ್ಚಿದಳು. ಬೆರಳು ನೋಯುತ್ತಿದ್ದರೂ ಬಿಡಲಿಲ್ಲ. ಡಬ್ಬಿಯಲ್ಲಿದ್ದ ನಲವತ್ತೆರಡು ಸೂಜಿಯೂ ಖಾಲಿ.

ಒಂದು ಸೂಜಿ ಸೊಟ್ಟಗಾಗಿತ್ತು. ಸರಿ ಮಾಡೋಣ ಅಂತ ಎಳೆದಳು. ಅಲ್ಲೊಂದು ತೂತು ಉಳಿಯಿತು.

ಮಾಮೂಲಿ ಬಟ್ಟೆಯಾದರೆ ಉಗುರಿನಿಂದ ಎರಡು ಸಲ ಉಜ್ಜಿದರೆ ತೂತು ಮಾಯ. ಮಿಡತೆ ಉಜ್ಜಿದಳು. ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದಳು. ಬಟ್ಟೆಯನ್ನು ಕಿಟಕಿಗೆ ಹಿಡಿದಳು. ತೂತಿನೊಳಗಿಂದ ಬೆಳಕು ಅವಳನ್ನೇ ಇಣುಕಿ ನೋಡಿತು.

ಸರಸರ ಅಂತ ಎಲ್ಲಾ ಸೂಜಿ ಕಿತ್ತು ಡಬ್ಬಿಗೆ ತುಂಬಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಜ್ಜ ಯಾವಾಗಲೂ ಹೇಳುತ್ತಿದ್ದ. ಅದು ತನಗೇ ಹೇಳಿದ್ದು ಅಂತ ಅವಳಿಗೆ ಈಗ ಅನ್ನಿಸಿತು.

ಅಮ್ಮ ಬಂದಳು. ಕೈಯಲ್ಲಿ ಹೊಸ ಸೂಜಿಯ ಜೊತೆಗೆ, ಬಟ್ಟೆ ಒಣಹಾಕುವ ತಂತಿಯಿಂದ ಕಿತ್ತು ತಂದ ಒಂದು ರಾಶಿ ಕ್ಲಿಪ್ಪು.

“ಇದಕ್ಕೆ ಗುಂಡುಸೂಜಿ ಬೇಡ ಪುಟ್ಟಾ, ಕ್ಲಿಪ್ ಹಾಕೋಣ. ಈ ಬಟ್ಟೆ ಚುಚ್ಚಿದ್ದನ್ನ ಮರೆಯಲ್ಲ.”

“ಹೂಂ,” ಅಂದಳು ಮಿಡತೆ. ಸೂಜಿ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ಅಮ್ಮನ ಕಣ್ಣೆಲ್ಲ ಅಂಚಿನ ಮೇಲೇ ಇತ್ತು.

ಎರಡು ದಿನ ಆ ಹೇಳದ ಮಾತು ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗಣಿತದ ಕ್ಲಾಸಿನಲ್ಲಿ ಕೂತು ಅವಳು ತನ್ನದೇ ಲೆಕ್ಕ ಮಾಡಿದಳು. ಒಂದು ಸೂಜಿ ಒಳಹೋಗಿ ಹೊರಬಂದರೆ ಎರಡು ತೂತು. ಎರಡು ಬಟ್ಟೆಗೆ ನಾಲ್ಕು. ನಲವತ್ತೆರಡು ನಾಲ್ಕಲ ನೂರ ಅರವತ್ತೆಂಟು! ಅಜ್ಜ ಕೇಳಿದ್ದು ಒಂದು ಹನಿಯೂ ಸೋರದ ಚಪ್ಪರ.

ಅಜ್ಜನ ಉತ್ಸಾಹವಂತೂ ನೋಡುವ ಹಾಗಿತ್ತು. ಟೋಪಿ ಒಗೆದು ಒಣಗಿಸಿದ. ರೇಡಿಯೋಗೆ ಹೊಸ ಬ್ಯಾಟರಿ ಹಾಕಿದ. ಬ್ಯಾಗು ತುಂಬಿಸಿದ, ಏನೋ ಮರೆತೆ ಅಂತ ಖಾಲಿ ಮಾಡಿದ, ಮತ್ತೆ ತುಂಬಿಸಿದ.

“ಏನಮ್ಮಾ ಇಂಜಿನಿಯರ್, ಚಪ್ಪರದಲ್ಲಿ ತೂತುಗೀತು ಇಲ್ಲ ತಾನೇ?” ಅಂತ ತಮಾಷೆಗೆ ಕೇಳಿದ.

“ಯಾರು ಹೇಳಿದ್ರು ನಿಂಗೆ?” ಅಂದುಬಿಟ್ಟಳು ಮಿಡತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ಗುರುವಾರ ಸಂಜೆ ಅಪ್ಪ ಅಂಗಳದಲ್ಲಿ ಟ್ರೈಲರ್ ನಿಲ್ಲಿಸಿ, ಕೋಲು ನೆಟ್ಟು, ಹಗ್ಗ ಬಿಗಿದ. ಹಳದಿ ಚಪ್ಪರ ಮೇಲೆದ್ದಿತು. ಪಕ್ಕದ ಮನೆಯವರೂ ಕಿಟಕಿಯಿಂದ ಇಣುಕಿದರು. ಅಜ್ಜ ಕುರ್ಚಿ ತಂದು ನಡುಮಧ್ಯೆ ಹಾಕಿ, ಕಾಲು ಚಾಚಿ, ಪೇಪರ್ ಬಿಡಿಸಿದ. ಅವನ ಮುಖಕ್ಕೂ ಆ ಹಳದಿ ಬೆಳಕು ಬಿತ್ತು. ಅಷ್ಟು ಖುಷಿಯಾಗಿ ಅಜ್ಜ ಕೂತದ್ದನ್ನು ಮಿಡತೆ ಬಹಳ ದಿನದಿಂದ ನೋಡಿರಲಿಲ್ಲ. ಅವಳು ತಲೆಯೆತ್ತಿ ತೂತುಗಳ ಸಾಲನ್ನೇ ನೋಡಿದಳು.

ಅಮ್ಮ ಏನೋ ತರುತ್ತೇನೆಂದು ಒಳಗೆ ಹೋದಳು. ತಮ್ಮನಿಗೆ ಅಷ್ಟೇ ಸಾಕಾಯಿತು. ಗಿಡಕ್ಕೆ ನೀರು ಬಿಡುವ ಪೈಪ್ ಹಿಡಿದು, “ಮಳೆ ಬಂತು ಮಳೆ!” ಅಂತ ಚಪ್ಪರದ ಮೇಲೆ ಬಿಟ್ಟೇಬಿಟ್ಟ.

ಟಪ್. ಅಜ್ಜನ ಪೇಪರಿನ ಮೇಲೆ ಒಂದು ಹನಿ. ಟಪ್, ಟಪ್. ಅಜ್ಜನ ಬೋಳುತಲೆಯ ಮೇಲೆ ಎರಡು.

ಅಜ್ಜ ಪೇಪರ್ ಮಡಿಸಿದ, ಕುರ್ಚಿ ಮಡಿಸಿದ. “ನೀವು ಹೋಗಿ ಬನ್ನಿ,” ಅಂತ ಹೊರಟ.

“ಅಜ್ಜಾ, ನಿಲ್ಲು! ಅದು ನನ್ನಿಂದ ಆಗಿದ್ದು!” ಮಿಡತೆ ಅಡ್ಡ ನಿಂತಳು. ಎರಡು ದಿನದಿಂದ ಕಟ್ಟಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಸೂಜಿ, ತೂತು, ನೂರ ಅರವತ್ತೆಂಟು, ಎಲ್ಲಾ. ಅರ್ಧ ಮಾತು, ಅರ್ಧ ಅಳು. “ಅಮ್ಮನ ತಪ್ಪಿಲ್ಲ. ಚಪ್ಪರ ಹಾಳು ಮಾಡಿದ್ದು ನಾನು.”

ಅಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಹತ್ತಿರ ಬಂದು ಮಗಳ ಗಲ್ಲ ಹಿಡಿದು ಮೇಲಕ್ಕೆತ್ತಿದಳು.

“ಅಳೋದು ಆಮೇಲೆ. ಮೊದಲು ನೋಡು, ಹನಿ ಎಲ್ಲಿಂದ ಬೀಳ್ತಿದೆ?”

ಮಿಡತೆ ಕಣ್ಣೊರೆಸಿಕೊಂಡು ನೋಡಿದಳು. ತನ್ನ ಸೂಜಿ ಚುಚ್ಚಿದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹನಿ ಇತ್ತು. ಆದರೆ ಸಾಲುಗಟ್ಟಿ ತೊಟ್ಟಿಕ್ಕುತ್ತಿದ್ದದ್ದು ನಡುವಿನ ಹೊಲಿಗೆಯಿಂದ, ಅಮ್ಮನ ಹೊಲಿಗೆಯಿಂದ.

“ಅದು... ನಿನ್ನದು?”

“ನನ್ನದೇ. ಸೂಜಿ ತೂತು ಮಾಡದೆ ಹೊಲಿಯುತ್ತೇನೇ, ಪೆದ್ದೀ? ಲೆಕ್ಕದಲ್ಲಿ ಜಾಣೆ ಅಲ್ವಾ, ಲೆಕ್ಕ ಹಾಕು. ಇಂಚಿಗೆ ಏಳು ಹೊಲಿಗೆ. ಹತ್ತಡಿ ಉದ್ದ. ಗಟ್ಟಿಗಿರಲಿ ಅಂತ ಎರಡು ಸಾಲು.”

ಮಿಡತೆ ಬೆರಳು ಮಡಿಸಿದಳು. ಹತ್ತಡಿ ಅಂದರೆ ನೂರಿಪ್ಪತ್ತು ಇಂಚು. ಏಳರಿಂದ ಗುಣಿಸಿ, ಅದನ್ನು ಎರಡು ಮಾಡಿ... “ಸಾವಿರದ ಆರುನೂರ ಎಂಬತ್ತು!”

“ಎರಡು ಬಟ್ಟೆ,” ಅಂತ ಅಪ್ಪ ನೆನಪಿಸಿದ.

“ಮೂರು ಸಾವಿರದ ಮುನ್ನೂರ ಅರವತ್ತು!”

“ನೋಡಿದ್ಯಾ? ನನ್ನ ಮುಂದೆ ನಿಂದು ಯಾವ ಲೆಕ್ಕ!” ಅಂತ ಅಮ್ಮ ಜಂಬದಿಂದ ಸೊಂಟದ ಮೇಲೆ ಕೈಯಿಟ್ಟಳು. ಇನ್ನೊಂದು ಕೈಯಲ್ಲಿ ಸೋಪಿನಷ್ಟು ದಪ್ಪದ ಬಿಳಿ ಮೇಣದ ಗಟ್ಟಿಯಿತ್ತು. ಅದನ್ನು ತರಲೆಂದೇ ಅವಳು ಒಳಗೆ ಹೋಗಿದ್ದಳು. “ಇಂಥ ಬಟ್ಟೆ ಹೊಲಿದ ಮೇಲೆ ತೂತಿಗೆಲ್ಲ ಮೇಣ ಉಜ್ಜಲೇಬೇಕು. ಮಾವ, ನೀವು ಕೆಲಸ ಮುಗಿಯೋ ಮೊದಲೇ ಕುರ್ಚಿ ಹಾಕ್ಕೊಂಡು ಕೂತ್ರೆ ನಾನೇನು ಮಾಡ್ಲಿ?”

ಅಜ್ಜ ತಲೆ ಮೇಲಿನ ನೀರು ಒರೆಸಿಕೊಂಡು, “ಬಸ್ ಹೊರಡೋ ಮೊದಲೇ ಸೀಟು ಹಿಡಿಯೋ ಜನ ನೋಡಿ ನೋಡಿ ಅದೇ ಚಾಳಿ ಬಂತಮ್ಮ,” ಅಂದ.

“ನೀನು ಮಂಗಳವಾರವೇ ಹೇಳಬಾರದಿತ್ತಾ? ಎರಡು ದಿನ ಮೊಟ್ಟೆ ಹಾಗೆ ಕಾವು ಕೊಡ್ತಿದ್ಯಾ?” ಅಂತ ಅಮ್ಮ ಮಗಳ ತಲೆಗೆ ಮೆತ್ತಗೆ ಮೊಟಕಿದಳು. ಮಿಡತೆಗೆ ಅಳುವಿನ ನಡುವೆಯೇ ನಗು ಬಂತು. ಮೂಗಿನಿಂದ ಒಂದು ಗುಳ್ಳೆಯೂ ಬಂತು. ತಮ್ಮ ಅದನ್ನು ಪೂರ್ತಿ ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಶುಕ್ರವಾರ ಬಟ್ಟೆ ಒಣಗಿತ್ತು. ಸ್ಕೂಲಿಂದ ಬಂದವಳೇ ಮಿಡತೆ ಸ್ಟೂಲು ಹತ್ತಿದಳು. ಇಳಿಬಿಸಿಲಿಗೆ ಒಂದೊಂದು ತೂತೂ ಮಿಣಮಿಣ ಅನ್ನುತ್ತಿತ್ತು. ಅಮ್ಮ ಹೊಲಿಗೆಯ ಮೇಲೆ, ಅವಳು ಸೂಜಿಯ ಸಾಲಿನ ಮೇಲೆ ಮೇಣ ಉಜ್ಜುತ್ತ ಹೋದರು. ಅಜ್ಜ ಚಾಪೆಯ ಮೇಲೆ ಅಂಗಾತ ಮಲಗಿ ದಾರಿ ತೋರಿಸಿದ. “ಎಡಕ್ಕೆ ಹೋಗು... ಇನ್ನೂ... ಹೋಲ್ಡಾನ್! ಅಲ್ಲೇ ಒಂದಿದೆ. ರೈಟ್, ಮುಂದೆ ಹೋಗು!” ಮೇಣ ಕರಗಿ ತೂತಿಗೆ ಇಳಿಯಲೆಂದು ಹೇರ್ ಡ್ರೈಯರ್ ಹಿಡಿಯುವ ಕೆಲಸ ತಮ್ಮನದು. ಅವನು ಅರ್ಧ ಗಾಳಿಯನ್ನು ತನ್ನ ಕ್ರಾಪಿಗೇ ಬಿಟ್ಟುಕೊಂಡ.

ಮಿಡತೆಗೆ ಅಂದು ಎಲ್ಲೂ ಅವಸರವಾಗಲಿಲ್ಲ. ಒಂದು ತೂತು ಮುಚ್ಚಿದರೆ ಬೆಳಕು ಆರುತ್ತಿತ್ತು. ಆಮೇಲೆ ಇನ್ನೊಂದು. ನಡುನಡುವೆ ಅಮ್ಮನ ಸಾಲಿನದನ್ನೂ ಮುಚ್ಚಿದಳು. ಅಮ್ಮ ಅವಳ ಸಾಲಿನದನ್ನು ಮುಚ್ಚಿದಳು.

ಕತ್ತಲಾಗುವ ಮೊದಲು ತಮ್ಮ ಮತ್ತೆ ಪೈಪ್ ಹಿಡಿದ. ಅಜ್ಜ ಕೆಳಗೆ ಕೂತು ಪೇಪರಿನ ಎರಡು ಪುಟ ಓದಿ ಮುಗಿಸಿದ. ಆಮೇಲೆ ಎದ್ದು ಒಳಗೆ ಹೋಗಿ, ಬ್ಯಾಗು ತಂದು, ಟ್ರೈಲರಿನ ಕಪಾಟಿನಲ್ಲಿ ಇಟ್ಟ.

ಭಾನುವಾರ ಮಧ್ಯಾಹ್ನ ಕೆರೆ ದಂಡೆಗೆ ನಿಜವಾದ ಮಳೆ ಬಂತು. ಐದೂ ಜನ ಹಳದಿ ಚಪ್ಪರದ ಕೆಳಗೆ ಒತ್ತಿಕೊಂಡು ಕೂತರು. ಮೇಲೆ ಡಬಡಬ ಸದ್ದು, ಕೆಳಗೆ ರೇಡಿಯೋ, ನಡುವೆ ಅಜ್ಜನ ಬಸ್ಸಿನ ಕತೆ. ಬ್ರೇಕ್ ಹಿಡಿಯದ ಬಸ್ಸು ಇಳಿಜಾರಿನ ತಿರುವಿಗೆ ಬಂದಿತ್ತು. ಅಷ್ಟರಲ್ಲಿ ಟಪ್ ಅಂತ ಅಜ್ಜನ ಮೂಗಿನ ಮೇಲೆ ಒಂದು ಹನಿ ಬಿತ್ತು.

ಎಲ್ಲರೂ ತಲೆಯೆತ್ತಿ ನೋಡಿದರು. ಹೊಲಿಗೆಯಲ್ಲೋ ಸೂಜಿಯ ಸಾಲಿನಲ್ಲೋ ಎಲ್ಲೋ ಒಂದು ತೂತು ಉಳಿದು, ನೀರು ಬಟ್ಟೆಯಡಿ ಜಾರಿ ಬರುತ್ತಿತ್ತು. ಅದು ಯಾರದು ಅಂತ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾಗಲೇಬೇಕು ಅಂತ ಮಿಡತೆಗೆ ಅನ್ನಿಸಲೂ ಇಲ್ಲ. ಅವಳು ಮೇಣ ತೆಗೆದುಕೊಂಡು ಸ್ಟೂಲು ಹತ್ತಿದಳು.

ಅಜ್ಜ ಎದ್ದು ಹೋಗಲಿಲ್ಲ. ಒಂದು ಕೈಯಲ್ಲಿ ಮೂಗು ಒರೆಸಿಕೊಂಡ, ಇನ್ನೊಂದು ಕೈಯಲ್ಲಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡ. “ಹಾಂ, ಎಲ್ಲಿದ್ದೆ? ಆ ತಿರುವಿನಲ್ಲಿ...” ಅಂತ ಕತೆ ಮುಂದುವರಿಸಿದ.