ಹೊಟ್ಟೆ ಉಬ್ಬಿದ ಮೀನು ಎಲ್ಲಿ ಹೋಯಿತು?

ಮೀನು ಮಾಯವಾಗಿತ್ತು. ಬರಣಿ ಸಮೇತ!

"ನಿನ್ನಿ ಸಂಜೀಕ ಇಲ್ಲೇ ಇತ್ತರೀ ಡಾಕ್ಟರ, ಈ ಕಿಟಕ್ಯಾಗ," ಎಂದು ಕುಬೇರಪ್ಪನವರು ಖಾಲಿ ಜಾಗ ತೋರಿಸಿದರು. ಶಿಗ್ಗಾವಿ ಪೇಟೆಯಲ್ಲಿ ಅರಳೆ ವ್ಯಾಪಾರ ಮಾಡಿ ಗಟ್ಟಿಯಾದ ಮನುಷ್ಯ. ಒಂದು ಮೀನಿಗಾಗಿ ಅವರ ದನಿ ನಡುಗುತ್ತಿತ್ತು.

ನಾನು ಫಕ್ಕೀರಪ್ಪ, ದನದ ದವಾಖಾನೆಯ ಕಂಪೌಂಡರ್. ಅರವತ್ತೆರಡನೆಯ ಇಸವಿಯ ಆ ಮುಂಜಾನೆ ಬಾಗಿಲಲ್ಲಿ ಹನ್ನೊಂದು ಎತ್ತು ನಿಂತಿದ್ದವು. ನಮ್ಮ ಡಾಕ್ಟರು ಮಹಾಲಿಂಗಪ್ಪನವರು ಅವನ್ನೆಲ್ಲ ಬಿಟ್ಟು ಮೀನು ಹುಡುಕಲು ಹೊರಟಿದ್ದರು. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ?

ಆ ಕೆಂಪು ಮೀನನ್ನು ಮೂರು ದಿನದ ಹಿಂದೆ ನೋಡಿದ್ದೆವು. ಹೊಟ್ಟೆ ನಿಂಬೆಹಣ್ಣಿನಂತೆ ಉಬ್ಬಿ, ಮೈಮೇಲಿನ ಹುರುಪೆಗಳೆಲ್ಲ ನಿಗುರಿ ನಿಂತಿದ್ದವು. "ಒಳಗ ನೀರು ತುಂಬೇತಿ," ಎಂದಿದ್ದರು ಡಾಕ್ಟರು. ದೊಡ್ಡ ಗಾಜಿನ ಪೆಟ್ಟಿಗೆಯಿಂದ ತೆಗೆದು ಬರಣಿಗೆ ಹಾಕಿಸಿದರು. ಎತ್ತಿಗೆ ಮುಷ್ಟಿಗಟ್ಟಲೆ ಕೊಡುವ ಜುಲಾಬಿನ ಉಪ್ಪನ್ನು ಇದರ ನೀರಿಗೆ ಒಂದೇ ಚಿಟಿಕೆ. ತಿನ್ನಲು ಏನೂ ಕೂಡದು. ದಿನಾ ನೀರು ಬದಲಿಸಿ ಉಪ್ಪು ಹಾಕಬೇಕು. ಒಂದು ದಿನ ತಪ್ಪಿದರೂ ಮೀನು ಉಳಿಯುವ ಭರವಸೆ ಇಲ್ಲ ಎಂದಿದ್ದರು. ಅಂದರೆ, ಇವತ್ತು ಸಂಜೆಯೊಳಗೆ ಅದು ಸಿಗಲೇಬೇಕು.

"ಬೆಕ್ಕು ತಿಂದಿರಬೇಕು," ಎಂದೆ.

"ಬರಣೀನೂ ತಿಂತೇನ?" ಎಂದರು ಡಾಕ್ಟರು.

ಕುಬೇರಪ್ಪನವರ ಹೆಂಡತಿ ಶಿವಬಸವ್ವ ಮೊದಲೇ ತಯಾರಾಗಿ ನಿಂತಿದ್ದರು. "ಎಲ್ಲಾರೂ ನನ್ನ ಕಡೇನ ನೋಡ್ಬ್ಯಾಡ್ರಿ! ಲಿಂಗಪೂಜಿ ಮಾಡೂ ಮನ್ಯಾಗ ಮೀನ ಯಾಕ ಅಂದಾಕಿ ನಾನ, ಖರೆ. ಮುಟ್ಟಾಕ ಒಲ್ಲದಾಕಿ ಹೆಂಗ ಕದೀತೇನ್ರಿ?"

"ಉಪ್ಪಿನ ಪುಡಿಕಿ ಎಲ್ಲೈತ್ರಿ?" ಎಂದು ಡಾಕ್ಟರು ಕೇಳಿದರು.

ಹುಡುಕಿದೆವು. ಪುಡಿಕೆಯೂ ಇರಲಿಲ್ಲ!

ಡಾಕ್ಟರು ಕಿಟಕಿಯತ್ತ ಬಾಗಿದರು. ಬರಣಿಯಿದ್ದ ಕಡೆ ನಾಲ್ಕು ಅಕ್ಕಿಕಾಳು, ಒಂದು ಚೂರು ಅರಿಷಿಣ ಕೊಂಬು ಬಿದ್ದಿದ್ದವು.

"ಯಾರೋ ಮೀನಿಗೆ ತಿನ್ನಾಕ ಹಾಕ್ಯಾರ," ಎಂದರು ಕುಬೇರಪ್ಪ.

"ಅರಿಷಿಣ ಕೊಂಬು ಮೀನಿಗೆ ಹಾಕ್ತಾರೇನ್ರಿ?" ಡಾಕ್ಟರು ತಿರುಗಿದರು. "ಮುಂಜಾನಿ ಮನಿಗೆ ಯಾರು ಬಂದಿದ್ರು?"

"ವೀಳ್ಯದೆಲಿ ಮಾರೂ ದ್ಯಾಮಪ್ಪ. ಎಲಿ ಕೊಟ್ಟು, ಎಂಟರ ಬಸ್ಸಿಗೆ ಸವಣೂರಿಗೆ ಹೋದ."

"ಈ ಮೀನು ನಿಮಗ ಬಂದದ್ದು ಎಲ್ಲಿಂದ?"

"ಸವಣೂರಿಂದ. ಮುಮ್ತಾಜಬೇಗಂ ಅಂತ, ಅವರ ಅಂಗಳದ ತೊಟ್ಟ್ಯಾಗ ಹುಟ್ಟಿದ್ದು. ಯಾಕ್ರಿ?"

ಡಾಕ್ಟರು ಒಳಗಡೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಸರೋಜವ್ವ ನಿಂತಿದ್ದಳು. ಏಳು ತಿಂಗಳ ಬಸುರಿ. ಅವಳ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

"ಕದ್ದವರು ಔಷಧ ಬಿಟ್ಟು ಹೋಗ್ತಾರ. ಇವರು ಜೋಪಾನವಾಗಿ ಕಳಿಸ್ಯಾರ," ಎಂದರು ಡಾಕ್ಟರು ಮೆಲ್ಲಗೆ. "ಅಕ್ಕಿ, ಅರಿಷಿಣ ಕೊಂಬು—ಶಿವಬಸವ್ವಾರ, ಇವನ್ನ ಯಾವಾಗ ಹಾಕ್ತೀರಿ?"

"ಉಡಿ ತುಂಬೂವಾಗ್ರಿ. ಹೆಣ್ಣುಮಗಳನ್ನ ಕಳಿಸೂವಾಗ..." ಅವರು ಸೊಸೆಯತ್ತ ತಿರುಗಿದರು.

"ಹೊಟ್ಟಿ ಉಬ್ಬಿದ್ದನ್ನ ನಾವು ಬ್ಯಾನಿ ಅಂದ್ವಿ. ಈ ಮನ್ಯಾಗ ಒಬ್ಬಾಕಿಗೆ ಅದು ಬಸುರಿ ಅನಿಸ್ತು. ಬಸುರಿ ಎಲ್ಲಿಗೆ ಹೋಗ್ಬೇಕು? ತವರಿಗೆ. ಹೌದಿಲ್ಲವಾ, ಸರೋಜವ್ವ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. "ತಪ್ಪಾತ್ರಿ... ನೀರು, ಉಪ್ಪು ಎಲ್ಲಾ ದ್ಯಾಮಪ್ಪಗ ಹೇಳಿ ಕಳಿಸೇನಿ. ನನಗಂತೂ ಇಲ್ಲ, ಅದಕ್ಕರ ತವರು ಸಿಗಲಿ ಅಂತ..."

"ಅವ್ವ ಇಲ್ಲದ ಮನ್ಯಾಗ ಬಾಣಂತನ ಯಾರು ಮಾಡ್ತಾರವಾ?" ಕುಬೇರಪ್ಪನವರು ತಡವರಿಸಿದರು. "ಅದಕ್ಕ ಇಲ್ಲೇ ಇರು ಅಂದೆ."

"ನನ್ನ ತವರು ಅಬಲೂರಾಗ ಸೋದರತ್ತಿ ಮುದಕವ್ವ ಅದಾಳ ಅಂತ ನಾಕು ಸಲ ಅಂದೇನ್ರಿ ಮಾವಾರ. ನೀವು ಕೇಳಿಸ್ಕೊಳ್ಳಲಿಲ್ಲ."

"ಕಳಿಸಿದಾಕಿ ಸೊಸಿ," ಎಂದರು ಡಾಕ್ಟರು. "ತಪ್ಪಿತಸ್ಥರು ನೀವು, ಕುಬೇರಪ್ಪನವರ."

ಮೂರು ದಿನದಿಂದ ಮೀನಿನ ಹೊಟ್ಟೆಯನ್ನು ಗಳಿಗೆಗೊಮ್ಮೆ ನೋಡಿದ್ದ ಮನುಷ್ಯ ಸೊಸೆಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ನನಗೂ ಹನ್ನೊಂದು ಎತ್ತು ಮರೆತೇಹೋದವು.

ಮಧ್ಯಾಹ್ನದ ಬಸ್ಸಿಗೆ ಡಾಕ್ಟರು, ಕುಬೇರಪ್ಪನವರು, ನಾನು ಮೂವರೂ ಸವಣೂರು ಮುಟ್ಟಿದೆವು. ಮುಮ್ತಾಜಬೇಗಂ ಆಗಲೇ ನೀರು ಬದಲಿಸಿ ಚಿಟಿಕೆ ಉಪ್ಪು ಹಾಕಿ ಬರಣಿಯ ಮುಂದೆ ಕುಳಿತಿದ್ದರು. ಮೀನು ಕಿವಿರಾಡಿಸುತ್ತಿತ್ತು. ನಿಗುರಿದ್ದ ಹುರುಪೆಗಳು ಒಂದಿಷ್ಟು ಇಳಿದಿದ್ದವು.

"ಅರೆ ಸಾಹೇಬ, ಇದನ್ನ ಬಸುರಿ ಅಂತ ಕಳಿಸ್ಯಾರಲ್ಲ!" ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಇದು ಗಂಡೈತಿ! ನನ್ನ ತೊಟ್ಟ್ಯಾಗ ಹುಟ್ಟಿದ್ದು, ನನಗ ಗೊತ್ತಿಲ್ಲೇನು?"

ಡಾಕ್ಟರು ನಕ್ಕರು, ನಾನೂ ನಕ್ಕೆ. ಕುಬೇರಪ್ಪನವರು ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಎಂಟು ದಿನಕ್ಕೆ ಮೀನು ಹೊಟ್ಟೆ ಇಳಿದು ಶಿಗ್ಗಾವಿಗೆ ಮರಳಿತು. ಅದರ ಮರುದಿನ ಸರೋಜವ್ವ ಅಬಲೂರಿಗೆ ಹೊರಟಳು. ಶಿವಬಸವ್ವ ಅವಳಿಗೆ ಉಡಿ ತುಂಬಿದರು. ಆಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅರಿಷಿಣ ಹತ್ತಿದ ಬೆರಳನ್ನು ಮೀನಿನ ಗಾಜಿನ ಪೆಟ್ಟಿಗೆಗೆ ಮೆತ್ತಗೆ ಒತ್ತಿದರು.

ನಾನು ಕೆಮ್ಮಿದೆ.

"ಏನ್ ನೋಡ್ತಿ ಫಕ್ಕೀರಪ್ಪ?" ಎಂದು ಗದರಿದರು. "ಗಂಡಾದ್ರೇನಾತು? ತವರಿಗೆ ಹೋಗಿ ಬಂದೈತಿ, ಪಾಪ."