ಕಣ್ಣಿಲ್ಲದ ನೂರು ಹಂಸಗಳು

ಬಹಳ ಹಿಂದೆ, ಹುಲಿಗಳು ಎದುರಾದವರನ್ನು ಮಾತಾಡಿಸಿಯೇ ತಿನ್ನುತ್ತಿದ್ದ ಕಾಲದಲ್ಲಿ, ಕೇದಗೆನಾಡು ಎಂಬ ರಾಜ್ಯವಿತ್ತು. ದೊರೆ ಆಕಳಿಸಿದರೂ ಆಸ್ಥಾನದವರು "ಆಹಾ, ಸೊಬಗು!" ಎನ್ನುತ್ತಿದ್ದರು. ಒಂದು ದಿನ ಮಾಂತ್ರಿಕ ಧೂಮಕಂಠ ಬಂದು ಆ 'ಸೊಬಗು' ಎಂಬ ಪದವನ್ನೇ ಭರಣಿಗೆ ತುಂಬಿ, ಬಾಯಿ ಕಟ್ಟಿ, ಹೊತ್ತೊಯ್ದ. ಅಂದಿನಿಂದ ಅದು ಯಾರ ನಾಲಿಗೆಗೂ ಬರಲಿಲ್ಲ. ದೊರೆ ಆಕಳಿಸುವುದನ್ನೇ ಬಿಟ್ಟ.

ನಿಜವಾದ ನಷ್ಟ ಚಿತ್ರಗಾರ ಕೇತಯ್ಯನದು. ಆ ನಾಡಿನ ಚಿತ್ರಗಾರರಿಗೊಂದು ಕಟ್ಟಳೆ: ತನ್ನ ಕೆಲಸವನ್ನು ತಾನು ಹೊಗಳಬಾರದು, ಇನ್ನೊಬ್ಬರದನ್ನಂತೂ ಹೊಗಳಲೇಬಾರದು. ನೋಡಿದವರು ಯಾರಾದರೂ ಆ ಪದ ಹೇಳಿದ ಮೇಲೆಯೇ ಚಿತ್ರಕ್ಕೆ ಕಣ್ಣು ಬರೆಯಬೇಕು. ಹನ್ನೊಂದು ವರ್ಷ ಒಬ್ಬನೇ ಕೂತು ಕೇತಯ್ಯ ಕೋಟೆಗೋಡೆಯ ಮೇಲೆ ನೂರು ಹಂಸ ಬರೆದಿದ್ದ. ನೂರೂ ಕುರುಡು. ಜೊತೆಗೆ ಬರುವವರು ಯಾರೂ ಇಲ್ಲದ್ದರಿಂದ ಪದ ಹುಡುಕಲು ಒಬ್ಬನೇ ಹೊರಟ.

ಕಾಡಿನಲ್ಲಿ ಹಸಿರು ಹುಲಿ ಅಡ್ಡ ನಿಂತಿತು. "ನೀನು ಹುಡುಕುವ ಪದದ ಅರ್ಥ ಹೇಳು. ಇಲ್ಲವೇ ನನ್ನ ಊಟವಾಗು."

"ಅಂದ, ಚೆಂದ, ಚೆಲುವು."

"ನಿಘಂಟು ನನಗೆ ಅರಗುವುದಿಲ್ಲ. ಹೋಗು ಅತ್ತ."

ಬೆಟ್ಟದಲ್ಲಿ ಎರಡು ತಲೆಯ ಹೆಬ್ಬಾವು ಕೇಳಿತು: "ಅದನ್ನು ಎಲ್ಲಿ ಬಳಸುತ್ತಾರೆ?"

"ದೊರೆಯ ಕಿರೀಟಕ್ಕೆ, ಮೀಸೆಗೆ, ಆಕಳಿಕೆಗೆ."

ಎರಡು ತಲೆಗಳೂ ನಕ್ಕು ನಕ್ಕು ಗಂಟುಬಿದ್ದವು. ಕೇತಯ್ಯ ದಾಟಿಹೋದ.

ಗುಹೆಯಲ್ಲಿ ಧೂಮಕಂಠ ಕೌದಿ ಹೊದ್ದು ಕೂತಿದ್ದ. "ನೀನು ಆ ಪದವನ್ನು ಎಂದಾದರೂ ಬಳಸಿದ್ದೀಯೇನಯ್ಯಾ?"

"ಇಲ್ಲ ಸ್ವಾಮಿ. ಯಾರಾದರೂ ಅಂದಾರೆಂದು ಕಾದಿದ್ದೆ, ಅಷ್ಟೆ."

"ನಾನೂ ಅಷ್ಟೆ. ಮುನ್ನೂರು ವರ್ಷ ಕಾದು ಕೊನೆಗೆ ಕದ್ದೆ. ಭರಣಿಗೆ ಕಿವಿಯಿಟ್ಟರೆ ಒಳಗೆ ಉಸಿರೂ ಇಲ್ಲ. ತೆಗೆಯಬಲ್ಲೆಯಾದರೆ ಒಯ್ಯಿ, ಸೋತರೆ ಕಲ್ಲಾಗುತ್ತೀ."

ಕೇತಯ್ಯ ಭರಣಿಯ ಬಾಯಿಯ ಗಂಟಿಗೆ ಕೈ ಹಾಕಿದ. ಗಂಟು ಸಡಿಲಲಿಲ್ಲ, ಬೆರಳು ಕಲ್ಲಾದವು. ಮೊಣಕೈವರೆಗೂ ಕಲ್ಲಾಗುವಾಗ ಅವನ ಕಣ್ಣು ಕೌದಿಯ ಮೂಲೆಗೆ ಬಿತ್ತು. ಅಲ್ಲಿ ಕೆಂಪು ದಾರದಲ್ಲಿ ಹೊಲಿದ ಒಂದು ಪುಟ್ಟ ಹಕ್ಕಿ, ಚಳಿಗೆ ರೆಕ್ಕೆ ಮುದುರಿಕೊಂಡಿತ್ತು.

"ಇದನ್ನು ಹೊಲಿದವರು ಯಾರು?"

"ನಾನೇ. ನನಗೆ ಹೊಲಿದುಕೊಡಲು ಇನ್ಯಾರಿದ್ದಾರೆ?"

ಕೇತಯ್ಯನಿಗೆ ಕಟ್ಟಳೆ ಮರೆತುಹೋಯಿತು, ಕೈಯೂ ಮರೆತುಹೋಯಿತು. "ಎಂಥ ಸೊಬಗು!" ಎಂದುಬಿಟ್ಟ.

ಭರಣಿ ಫಳ್ಳನೆ ಒಡೆಯಿತು. ಕಲ್ಲು ಮತ್ತೆ ಕೈಯಾಯಿತು. ಮಾಂತ್ರಿಕ ಮುಖ ತಿರುಗಿಸಿ, ಹೊಗೆಯಿಂದ ಕಣ್ಣುರಿ ಎಂದ. ಗುಹೆಯಲ್ಲಿ ಹೊಗೆಯೇನೂ ಇರಲಿಲ್ಲ.

ಪದ ಊರಿಗೆ ಮರಳಿತು. ದೊರೆ ಮತ್ತೆ ಆಕಳಿಸಿದ, ಎಲ್ಲರೂ ಸುಖಿಗಳಾದರು. ಆ ಸಡಗರದಲ್ಲಿ ಕೋಟೆಗೋಡೆಯನ್ನು ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ.

ವಾರದ ಮೇಲೆ ಕೌದಿ ಹೊದ್ದ ಮುದುಕನೊಬ್ಬ ಬಂದು ಗೋಡೆಯೆದುರು ಸಂಜೆವರೆಗೂ ನಿಂತ. ಹೋಗುವ ಮುನ್ನ ಮೆಲ್ಲಗೆ ಒಂದೇ ಪದ ಹೇಳಿದ.

ಕೇತಯ್ಯ ಕುಂಚ ಎತ್ತಿಕೊಂಡ. ಬೆಳಗಾಗುವಷ್ಟರಲ್ಲಿ, ಹನ್ನೊಂದು ವರ್ಷ ಜೊತೆಗಿದ್ದ ಹಂಸಗಳು ಮೊದಲ ಬಾರಿಗೆ ಅವನನ್ನು ನೋಡಿದವು.